ಹದಿನಾಲ್ಕನೇ ನಂಬರಿನ ಡ್ರೈವರಮ್ಮ

ಹೊಸ ಮನೆಗೆ ಕಾಲಿಟ್ಟ ಮೊದಲ ಗಂಟೆಯಲ್ಲೇ ನಾಲ್ವರೂ ನಾಲ್ಕು ಕಡೆ ಚದುರಿಹೋಗಿದ್ದರು. ಮಗಳು ಲಿಫ್ಟಿನಲ್ಲಿ ಆಗಲೇ ಮೂರು ಸಲ ಕೆಳಗಿಳಿದು ಮೇಲೆ ಬಂದಿದ್ದಳು. ಅಪ್ಪ, ವೃತ್ತಿಯಲ್ಲಿ ಟೈಲರು, ಟೇಪು ಹಿಡಿದು ಕಿಟಕಿಯಿಂದ ಕಿಟಕಿಗೆ ಓಡಾಡುತ್ತಿದ್ದ. ಹೊಲಿಗೆ ಯಂತ್ರವನ್ನು ಯಾವ ಬೆಳಕಿನಲ್ಲಿ ಇಡುವುದು ಎನ್ನುವುದೇ ಅವನ ಚಿಂತೆ. ಅಜ್ಜಿ ಅಡುಗೆಮನೆಯ ಕಪಾಟುಗಳನ್ನು ಒಂದೊಂದಾಗಿ ತೆರೆದು, ಮೂಸಿ, ಮುಚ್ಚುತ್ತಿದ್ದಳು. ಯಾರ ಕೆಲಸಕ್ಕಾಗಿ ಇವರೆಲ್ಲ ಸಮುದ್ರ ದಾಟಿ ಬಂದಿದ್ದರೋ ಆ ಅಮ್ಮ ಮಾತ್ರ ಕೋಟನ್ನೂ ಬಿಚ್ಚದೆ ಬಾಲ್ಕನಿಯಲ್ಲಿ ನಿಂತು, ಮೂರು ಮಹಡಿ ಕೆಳಗಿನ ರಸ್ತೆಯಲ್ಲಿ ಹೋಗುವ ಬಸ್ಸುಗಳನ್ನು ನೋಡುತ್ತಿದ್ದಳು. ನೀಲಿ ಬಸ್ಸುಗಳು. ಒಂದೊಂದು ಬಂದಾಗಲೂ ಅವಳ ಬಲಗಾಲು ತನಗೆ ತಾನೇ ಬ್ರೇಕು ಒತ್ತುತ್ತಿತ್ತು.

ಊರಿನಲ್ಲಿ ಅವಳು ಹನ್ನೊಂದು ವರ್ಷ ಸಿಟಿ ಬಸ್ಸು ಓಡಿಸಿದ್ದಳು. ಡಿಪೋದಲ್ಲಿ ಎಲ್ಲರ ಬಾಯಲ್ಲೂ ಅವಳು ಡ್ರೈವರಮ್ಮ. ಬರುಬರುತ್ತಾ ಮನೆಯಲ್ಲೂ ಅದೇ ಹೆಸರಾಯಿತು. ಹೊರದೇಶದ ಬಸ್ ಕಂಪನಿಯೊಂದಕ್ಕೆ ಡ್ರೈವರುಗಳು ಬೇಕಾಗಿದ್ದಾರೆ, ಮನೆಮಂದಿಯನ್ನೂ ಕರೆದುಕೊಂಡು ಬರಬಹುದು ಎಂಬ ಚೀಟಿ ಡಿಪೋದ ಗೋಡೆಗೆ ಅಂಟಿದಾಗ ಅವಳು ಅದನ್ನು ಮೂರು ಸಲ ಓದಿ ಮನೆಗೆ ಬಂದು ಎಲ್ಲರಿಗೂ ಹೇಳಿದಳು. ಟೈಲರು ಒಂದು ವಾರ ಯೋಚಿಸಿದ. ಅವನ ಅಂಗಡಿ, ಅವನ ಗಿರಾಕಿಗಳು, ಮಗಳ ಶಾಲೆ. ಕೊನೆಗೆ ಗಂಟು ಬಿಡಿಸಿದವಳು ಅವನ ತಾಯಿ. ತನಗೆ ಅರವತ್ತೆಂಟಾಯಿತು, ಇಷ್ಟು ವರ್ಷ ಒಂದೇ ಬೀದಿಯ ಈ ತುದಿಯಿಂದ ಆ ತುದಿಗೆ ಓಡಾಡಿದ್ದು ಸಾಕು, ನೀವು ಹೋಗದಿದ್ದರೆ ನಾನೇ ಅರ್ಜಿ ಹಾಕುತ್ತೇನೆ ಎಂದಳು. ನಿನಗೆ ಬಸ್ಸು ಓಡಿಸಲು ಬರುತ್ತದೆಯೇ ಎಂದು ಮಗ ಕೇಳಿದ್ದಕ್ಕೆ, ಓಡಿಸುವುದಕ್ಕೆ ಸೊಸೆ ಇದ್ದಾಳೆ, ಹತ್ತಿ ಕೂರುವುದಕ್ಕೂ ಜನ ಬೇಕಲ್ಲ ಎಂದಳು.

ಆಮೇಲೆ ಎಂಟು ತಿಂಗಳು ನಾಲ್ವರೂ ಫೋನು ಮುಂದಿಟ್ಟುಕೊಂಡು ಆ ದೇಶದ ಭಾಷೆ ಕಲಿತರು. ಹನ್ನೆರಡು ವರ್ಷದ ಮಗಳಿಗೆ ಅದು ನೀರು ಕುಡಿದಷ್ಟು ಸುಲಭವಾಯಿತು. ಅವಳು ಬಾಯಿ ತೆರೆದರೆ ನಿಲ್ಲಿಸುವವರಿಲ್ಲ ಎಂದು ಮನೆಯಲ್ಲಿ ಅವಳನ್ನು ಪಟಾಕಿ ಎನ್ನುತ್ತಿದ್ದರು. ಈಗ ಪಟಾಕಿ ಎರಡು ಭಾಷೆಯಲ್ಲಿ ಸಿಡಿಯತೊಡಗಿತು. ಟೈಲರು ಅಳತೆಯ ಪದಗಳನ್ನೆಲ್ಲ ಕಲಿತ. ಅಜ್ಜಿ ನಮಸ್ಕಾರ ಹೇಳುವುದನ್ನು ಕಲಿತು, ಉಳಿದದ್ದನ್ನು ಕೈಸನ್ನೆಯಲ್ಲಿ ನೋಡಿಕೊಳ್ಳುತ್ತೇನೆ ಎಂದು ಪುಸ್ತಕ ಮುಚ್ಚಿದಳು.

ಎಂಟು ವಾರದ ತರಬೇತಿ ಮುಗಿಸಿ ಪರೀಕ್ಷೆ ಪಾಸಾದ ಮೇಲೆ ಡ್ರೈವರಮ್ಮನ ಕೈಗೆ ಬಸ್ಸು ಕೊಡುತ್ತಾರೆ, ಇದು ಕಂಪನಿಯ ನಿಯಮ. ತರಬೇತಿ ಕೊಡುವವನು ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ, ನಗು ಎಂದರೇನೆಂದು ತಿಳಿಯದವನಂತಿದ್ದ ಮನುಷ್ಯ. ಮೊದಲ ಸಂಜೆಯೇ ಮನೆಯಲ್ಲಿ ಅವನಿಗೆ ಕಂಬ ಎಂದು ಹೆಸರಾಯಿತು. ಕಂಬ ಹೆಚ್ಚು ಮಾತಾಡುತ್ತಿರಲಿಲ್ಲ. ಪಕ್ಕದಲ್ಲಿ ಕೂತು, ಮಡಿಲಲ್ಲಿ ಕಾಗದ ಸಿಕ್ಕಿಸಿದ ಹಲಗೆಯಿಟ್ಟುಕೊಂಡು, ಏನಾದರೂ ತಪ್ಪಾದರೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದ. ಮೊದಲ ವಾರ ಆ ಪೆನ್ಸಿಲಿಗೆ ಬಿಡುವೇ ಇರಲಿಲ್ಲ.

ಈ ದೇಶದಲ್ಲಿ ಗಾಡಿಗಳು ರಸ್ತೆಯ ಬಲಗಡೆ ಓಡುತ್ತವೆ, ಸ್ಟೀರಿಂಗು ಎಡಗಡೆ. ಗೇರಿಗೆಂದು ಎಡಗೈ ಚಾಚಿದರೆ ಅಲ್ಲಿ ಗೇರೂ ಇಲ್ಲ, ಏನೂ ಇಲ್ಲ. ಬೆರಳು ಹೋಗಿ ಕಿಟಕಿಯ ಚೌಕಟ್ಟಿಗೆ ಬಡಿಯುತ್ತಿತ್ತು. ತಿರುಗುವ ಸೂಚನೆಯ ದೀಪ ಹಾಕಲು ಹೋದರೆ ಒಣ ಗಾಜಿನ ಮೇಲೆ ವೈಪರು ಕುಣಿಯುತ್ತಿತ್ತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓಡಿಸಿ ಸಂಜೆ ಮನೆಗೆ ಬಂದರೆ ಅವಳಿಗೆ ತನ್ನ ಎಡಗೈ ಯಾವುದು, ಬಲಗೈ ಯಾವುದು ಎಂದು ತಿಳಿಯದ ಹಾಗಾಗಿರುತ್ತಿತ್ತು. ಆದರೂ ಮುಖದ ಮೇಲೆ ದಣಿವಿಗಿಂತ ಖುಷಿಯೇ ಹೆಚ್ಚು. ಸ್ಟೀರಿಂಗು ಒಂದು ಬೆರಳಿಗೆ ತಿರುಗುತ್ತದಂತೆ, ಸ್ಟಾಪು ಬಂದಾಗ ಬಸ್ಸು ಪ್ರಯಾಣಿಕರ ಕಡೆಗೆ ಮಂಡಿಯೂರಿ ಬಾಗುತ್ತದಂತೆ, ಸೀಟು ಅವಳ ತೂಕಕ್ಕೆ ತಕ್ಕ ಹಾಗೆ ತಾನೇ ಏರಿಳಿಯುತ್ತದಂತೆ. ಮಂಡಿಯೂರುವ ಬಸ್ಸಿನ ವಿಷಯ ಅಜ್ಜಿ ಎರಡೆರಡು ಸಲ ಹೇಳಿಸಿಕೊಂಡಳು.

ಅಮ್ಮನಿಗೆ ಅಭ್ಯಾಸವಾಗಲೆಂದು ಪಟಾಕಿ ಮನೆಯಲ್ಲೇ ಸಂಚಾರ ನಿಯಮ ಜಾರಿಗೆ ತಂದಳು. ಅಡುಗೆಮನೆಗೂ ಹಾಲಿಗೂ ನಡುವಿನ ಓಣಿಯಲ್ಲಿ ಎಲ್ಲರೂ ಬಲಗಡೆಯೇ ನಡೆಯಬೇಕು, ಎಡಕ್ಕೆ ಬಂದವರು ಅವತ್ತಿನ ಪಾತ್ರೆ ತೊಳೆಯಬೇಕು. ಟೈಲರು ಸತತವಾಗಿ ಒಂಬತ್ತು ದಿನ ತೊಳೆದ. ಊಟವಾದ ಮೇಲೆ ಕುರ್ಚಿಗಳು ಸಾಲಾಗಿ ಬಸ್ಸಾಗುತ್ತಿದ್ದವು, ದೊಡ್ಡ ಪಾತ್ರೆಯ ಮುಚ್ಚಳ ಸ್ಟೀರಿಂಗು. ಪಟಾಕಿ ಒಂದೊಂದೇ ಸ್ಟಾಪಿನ ಹೆಸರು ಕೂಗಬೇಕು, ಡ್ರೈವರಮ್ಮ ಬಾಗಿಲು ತೆಗೆದು ಹಾಕಿದ ಹಾಗೆ ಮಾಡಿ ಮುಂದೆ ಹೋಗಬೇಕು.

ಮೂರನೇ ವಾರದ ಹೊತ್ತಿಗೆ ಕಂಬನ ಹಲಗೆಯಲ್ಲಿ ಉಳಿದದ್ದು ಒಂದೇ ದೂರು. ಸ್ಟಾಪಿನಿಂದ ಹೊರಡುವುದು ತಡ. ಪ್ರತಿ ಸ್ಟಾಪಿನಲ್ಲೂ ನಾಲ್ಕೈದು ಸೆಕೆಂಡು ಸುಮ್ಮನೆ ನಿಂತಿರುತ್ತಾಳೆ, ಇಪ್ಪತ್ತೊಂಬತ್ತು ಸ್ಟಾಪಿಗೆ ಎಷ್ಟಾಯಿತು ನೋಡಿ ಎಂದು ಬರೆದಿದ್ದ. ಯಾಕೆ ನಿಲ್ಲುತ್ತೇನೆಂದು ಅವಳಿಗೇ ತಿಳಿಯಲಿಲ್ಲ. ಆ ಸಂಜೆ ಕುರ್ಚಿಯ ಬಸ್ಸಿನಲ್ಲಿ ಕೂತು ಅದನ್ನೇ ಮಾಡಿ ತೋರಿಸಿದಳು. ಬಾಗಿಲು ಹಾಕಿದಳು, ಎರಡೂ ಕನ್ನಡಿ ನೋಡಿದಳು, ಮುಚ್ಚಳ ಹಿಡಿದಳು, ಹಾಗೇ ಕೂತಳು.

ಹಿಂದಿನ ಕುರ್ಚಿಯಲ್ಲಿದ್ದ ಅಜ್ಜಿ ಕೇಳಿದಳು. "ಎಲ್ಲಾ ಆಯ್ತಲ್ಲ. ಇನ್ನೇನಕ್ಕೆ ಕಾಯ್ತಿದ್ದೀಯ?"

"ಸೀಟಿಗೆ," ಎಂದುಬಿಟ್ಟಳು ಡ್ರೈವರಮ್ಮ.

ಹೇಳಿದ ಮೇಲೆ ಅವಳೇ ಬೆಚ್ಚಿದಳು. ಹನ್ನೊಂದು ವರ್ಷ ಹಿಂದಿನಿಂದ ಕಂಡಕ್ಟರು ಸೀಟಿ ಊದದೆ, ರೈಟ್ ಎನ್ನದೆ ಅವಳ ಕಾಲು ಆಕ್ಸಿಲರೇಟರಿನ ಮೇಲೆ ಬಿದ್ದದ್ದೇ ಇಲ್ಲ. ಇಲ್ಲಿ ಕಂಡಕ್ಟರೇ ಇಲ್ಲ. ತಲೆಗೆ ಅದು ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ. ನಾಲ್ವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮರುದಿನದಿಂದ ಅವಳು ಬಾಗಿಲು ಹಾಕಿ, ಕನ್ನಡಿ ನೋಡಿ, ತುಟಿಯೊಳಗೇ ರೈಟ್ ಎಂದುಕೊಂಡು ಹೊರಡತೊಡಗಿದಳು. ಕಂಬನಿಗೆ ಅದೇನೆಂದು ಅರ್ಥವಾಗಲಿಲ್ಲ. ಆದರೆ ಪೆನ್ಸಿಲು ಜೇಬಿಗೆ ಸೇರಿತು.

ಇಷ್ಟರಲ್ಲಿ ಅಜ್ಜಿ ತನ್ನ ದಾರಿ ತಾನೇ ಹುಡುಕಿಕೊಂಡಿದ್ದಳು. ಸೊಸೆ ಡಿಪೋಗೆ, ಮೊಮ್ಮಗಳು ಶಾಲೆಗೆ, ಮಗ ಹೊಲಿಗೆಯ ಕೆಲಸ ಹುಡುಕಿಕೊಂಡು ಊರು ಸುತ್ತಲು ಹೋದರೆ ಮನೆಯಲ್ಲಿ ಅವಳೊಬ್ಬಳೇ. ಎರಡು ವಾರ ಗೋಡೆ ನೋಡಿದಳು. ಅರವತ್ತೈದು ದಾಟಿದವರಿಗೆ ಬಸ್ಸಿನ ಪಾಸು ಸಿಗುತ್ತದೆಂದು ಪಟಾಕಿ ಪತ್ತೆ ಮಾಡಿದ್ದೇ ತಡ, ಸೀರೆಯ ಮೇಲೆ ಮಗನ ಹಳೆಯ ಕೋಟು ಹಾಕಿಕೊಂಡು ಹೊರಟೇಬಿಟ್ಟಳು. ಸೊಸೆಗೆ ಕೊಡಲಿರುವ ಮಾರ್ಗ ಹದಿನಾಲ್ಕನೇ ನಂಬರು. ದಿನಕ್ಕೆ ಎರಡು ಸಲ ಆ ಬಸ್ಸಿನಲ್ಲಿ ಮೊದಲ ಸೀಟು ಹಿಡಿದು, ಈ ತುದಿಯಿಂದ ಆ ತುದಿಗೆ ಹೋಗಿ ವಾಪಸು ಬರುವುದೇ ಅವಳ ಕೆಲಸವಾಯಿತು. ಸ್ಟಾಪುಗಳ ಹೆಸರಿಗೆ ಅವಳ ನಾಲಿಗೆ ಹೊರಳಲಿಲ್ಲ, ತನ್ನದೇ ಹೆಸರಿಟ್ಟಳು. ಹಲ್ಲಿನ ಡಾಕ್ಟರು. ಕೆಂಪು ಬಾಲ್ಕನಿ. ಜಗಳದ ಬೇಕರಿ, ಯಾಕೆಂದರೆ ಅದರ ಮುಂದೆ ಒಂದು ದಿನ ಇಬ್ಬರು ಜಗಳವಾಡಿದ್ದರು. ಸೊಸೆಗೂ ಆ ಹೆಸರುಗಳೇ ಬೇಗ ಬಾಯಿಗೆ ಬಂದವು. ಜಗಳದ ಬೇಕರಿ ದಾಟಿದ ಮೇಲೆ ರಸ್ತೆ ಕುಗ್ಗುತ್ತದೆ, ಅಲ್ಲಿ ಎಡಗಡೆ ಸ್ವಲ್ಪ ಬಿಟ್ಟುಕೊಂಡು ಹೋಗು ಎಂದು ಅಜ್ಜಿ ಊಟಕ್ಕೆ ಬಡಿಸುತ್ತಾ ಎಚ್ಚರಿಸುತ್ತಿದ್ದಳು.

ಬಸ್ಸಿನಲ್ಲಿ ಅವಳಿಗೆ ಒಬ್ಬ ಗೆಳೆಯನೂ ಸಿಕ್ಕಿದ್ದ. ಆಸ್ಪತ್ರೆಯ ಸ್ಟಾಪಿನಲ್ಲಿ ಹತ್ತುವ, ಕೋಲು ಹಿಡಿದ ಮುದುಕ. ಅವನು ಅವನ ಭಾಷೆಯಲ್ಲಿ, ಇವಳು ಕನ್ನಡದಲ್ಲಿ, ಇಬ್ಬರೂ ತಂತಮ್ಮ ಮಂಡಿ ನೋವಿನ ಕಥೆಯನ್ನು ಗಂಟೆಗಟ್ಟಲೆ ಹೇಳಿಕೊಳ್ಳುತ್ತಿದ್ದರು. ಎಲ್ಲಿ ನೋಯುತ್ತದೆ, ಯಾವ ಮೆಟ್ಟಿಲಿನಲ್ಲಿ ನೋಯುತ್ತದೆ ಎಂಬುದೆಲ್ಲ ಒಬ್ಬರದು ಒಬ್ಬರಿಗೆ ತಿಳಿದಿತ್ತು. ಹೇಗೆ ಎಂದರೆ ಅಜ್ಜಿಯೇ ಹೇಳಲಾರಳು.

ಡ್ರೈವರಮ್ಮ ಪರೀಕ್ಷೆ ಪಾಸಾದಳು. ಶನಿವಾರ ಬೆಳಗ್ಗೆ ಏಳು ನಲವತ್ತಕ್ಕೆ ಹದಿನಾಲ್ಕನೇ ನಂಬರು ಅವಳದು, ಅವಳೊಬ್ಬಳದೇ. ಕಂಪನಿ ಕೊಟ್ಟ ಯೂನಿಫಾರ್ಮು ಅವಳಿಗಿಂತ ಒಂದಡಿ ಎತ್ತರದವರಿಗೆ ಹೊಲಿದದ್ದು. ಟೈಲರು ಅದನ್ನು ಪೂರ್ತಿ ಬಿಚ್ಚಿ, ಅವಳ ಅಳತೆಗೆ ಮರಳಿ ಹೊಲಿದ. ಕೋಟಿನ ಭುಜ ಎಷ್ಟು ಸರಿಯಾಗಿ ಕೂತಿತೆಂದರೆ ಡಿಪೋದ ಇಬ್ಬರು ಹೆಂಗಸರು ಅವಳನ್ನು ನಿಲ್ಲಿಸಿ, ತಿರುಗಿಸಿ ನೋಡಿ, ಎಲ್ಲಿ ಹೊಲಿಸಿದೆ ಎಂದು ಕೇಳಿದರು. ಟೈಲರಿಗೆ ಈ ದೇಶದ ಮೊದಲ ಗಿರಾಕಿಗಳು ಸಿಕ್ಕಿದ್ದು ಹಾಗೆ.

ಶುಕ್ರವಾರ ಸಂಜೆ ಅವಳು ಮೂವರನ್ನೂ ಎದುರಿಗೆ ಕೂರಿಸಿಕೊಂಡು ಕಟ್ಟಪ್ಪಣೆ ಮಾಡಿದಳು. ನಾಳೆ ಯಾರೂ ಬರಕೂಡದು. ಅದು ಕೆಲಸದ ಜಾಗ, ನಮ್ಮ ಮನೆ ಮದುವೆಯ ದಿಬ್ಬಣ ಅಲ್ಲ. ಮೂವರೂ ತಲೆಯಾಡಿಸಿದರು. ಅಷ್ಟು ಬೇಗ ತಲೆಯಾಡಿಸಿದಾಗಲೇ ಅವಳಿಗೆ ಅನುಮಾನ ಬರಬೇಕಿತ್ತು.

ಬೆಳಗ್ಗೆ ಏಳು ನಲವತ್ತಕ್ಕೆ ಸರಿಯಾಗಿ ಬಸ್ಸು ಹೊರಟಿತು. ಮೂರನೇ ಸ್ಟಾಪಿನಲ್ಲಿ ಟೈಲರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತಿದ್ದ. ಬಸ್ಸು ನಿಂತಿತು, ಬಾಗಿತು, ಬಾಗಿಲು ತೆರೆಯಿತು. ಅವನು ಹತ್ತಲಿಲ್ಲ. ಬಸ್ಸನ್ನು ಮೇಲಿಂದ ಕೆಳಗೆ, ಹೆಂಡತಿಯನ್ನು ಕೆಳಗಿಂದ ಮೇಲೆ ನೋಡಿ, ಕಾಲರು ಸ್ವಲ್ಪ ಬಲಕ್ಕೆ ಎಳೆದುಕೋ ಎಂದು ಸನ್ನೆ ಮಾಡಿ ಹಿಂದೆ ಸರಿದ. ಐದನೇ ಸ್ಟಾಪಿನಲ್ಲಿ ಅಜ್ಜಿ. ಅವಳು ಪಾಸು ಇರುವ ಪ್ರಯಾಣಿಕಳು, ಅವಳನ್ನು ತಡೆಯುವುದು ಯಾರ ಕೈಯಲ್ಲೂ ಇಲ್ಲ. ಸೊಸೆಯ ಮುಖ ನೋಡದೆ, ಪಾಸು ತೋರಿಸಿ, ಮೊದಲ ಸೀಟಿನಲ್ಲಿ ಕೂತಳು. ಆಸ್ಪತ್ರೆಯಲ್ಲಿ ಕೋಲಿನ ಮುದುಕ ಹತ್ತಿದಾಗ ಅವನಿಗೆ ಡ್ರೈವರನ್ನು ಬೊಟ್ಟು ಮಾಡಿ ತೋರಿಸಿ, ಆ ಬೊಟ್ಟನ್ನು ತನ್ನ ಎದೆಗೆ ತಂದು ಮುಟ್ಟಿಕೊಂಡಳು. ಮುದುಕ ಟೋಪಿ ತೆಗೆದು ಡ್ರೈವರಮ್ಮನಿಗೆ ವಂದಿಸಿದ.

ಜಗಳದ ಬೇಕರಿ ದಾಟಿದ ಮೇಲೆ ರಸ್ತೆಗೆ ಅಡ್ಡಲಾಗಿ ಪೊಲೀಸಿನವನೊಬ್ಬ ನಿಂತಿದ್ದ. ಅವನ ಹಿಂದೆ ನೀರಿನ ಪೈಪು ಒಡೆದು ರಸ್ತೆಯೆಲ್ಲ ಹೊಳೆಯಾಗಿತ್ತು. ಎಡಗಡೆಯ ಬೀದಿಗೆ ಹೋಗೆಂದು ಅವನು ಕೈ ಬೀಸಿದ. ಅವಳು ತಿರುಗಿಸಿದಳು. ಇಕ್ಕಟ್ಟಿನ ಬೀದಿ, ಎರಡೂ ಕಡೆ ಕಾರುಗಳು ಒತ್ತೊತ್ತಾಗಿ ನಿಂತಿವೆ. ಬಲಕ್ಕೊಂದು ಅಡ್ಡರಸ್ತೆ ದಾಟಿ ನೂರು ಹೆಜ್ಜೆ ಹೋಗಿರಬಹುದು, ಎದುರಿಗೆ ಕಸದ ಲಾರಿ ಕೆಟ್ಟು ನಿಂತಿದೆ. ಅದರ ಡ್ರೈವರು ಇಂಜಿನ್ನಿನೊಳಗೆ ತಲೆ ಹಾಕಿದ್ದಾನೆ. ಮುಂದೆ ಹೋಗುವ ಹಾಗಿಲ್ಲ. ಹನ್ನೆರಡು ಮೀಟರಿನ ಬಸ್ಸು, ಒಳಗೆ ಮೂವತ್ತು ಜನ.

ಅವಳು ರೇಡಿಯೋದಲ್ಲಿ ಕಂಟ್ರೋಲ್ ರೂಮಿಗೆ ಹೇಳಿದಳು. ಕಲಿತ ಪದಗಳೆಲ್ಲ ಆ ಹೊತ್ತಿಗೆ ಸರಿಯಾಗಿ ಬಾಯಿಗೆ ಬಂದವು. ಅಲ್ಲಿಂದ ಬಂದ ಉತ್ತರ: ಕಂಪನಿಯ ಆಳು ಬರಲು ನಲವತ್ತು ನಿಮಿಷ ಬೇಕು; ನಂಬಬಹುದಾದವರು ಯಾರಾದರೂ ಹಿಂದೆ ನಿಂತು ನೋಡುವುದಾದರೆ ಹಿಂದಕ್ಕೆ ತೆಗೆಯಬಹುದು, ಇಲ್ಲದಿದ್ದರೆ ಅಲ್ಲೇ ಇರಬೇಕು. ಹಿಂದೆ ಕ್ಯಾಮೆರಾ ಇತ್ತು. ಆದರೆ ಅದು ತೋರಿಸುತ್ತಿದ್ದುದು ರಸ್ತೆಯನ್ನು, ಅಕ್ಕಪಕ್ಕದ ಕಾರುಗಳ ಕನ್ನಡಿಗಳನ್ನಲ್ಲ. ಅವಳು ಮೈಕಿನಲ್ಲಿ ವಿಷಯ ತಿಳಿಸಿ, ಯಾರಾದರೂ ಒಬ್ಬರು ಇಳಿದು ನೋಡುವಿರಾ ಎಂದು ಕೇಳಿದಳು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅಜ್ಜಿಗೆ ಅವಳು ಹೇಳಿದ ಒಂದು ಪದವೂ ತಿಳಿದಿರಲಿಲ್ಲ. ಆದರೆ ಲಾರಿ ಕಾಣುತ್ತಿತ್ತು. ಎದ್ದು ಬಂದು ಬಾಗಿಲ ಹತ್ತಿರ ನಿಂತಳು.

"ಅತ್ತೆ, ಕೂತ್ಕೊಳ್ಳಿ. ಇದು ಕಂಪನಿ ಬಸ್ಸು."

"ಕಂಪನಿಗೆ ಬೆನ್ನಲ್ಲಿ ಕಣ್ಣಿದೆಯೇನೇ? ಬಾಗಿಲು ತೆಗಿ."

ಒಂದು ಗಳಿಗೆ ಸೊಸೆ ಯೋಚಿಸಿದಳು. ನಂಬಬಹುದಾದವರು ಎಂದಿದ್ದರು. ಈ ಊರಿನಲ್ಲಿ ಇವಳಿಗಿಂತ ನಂಬಬಹುದಾದವರು ಇನ್ಯಾರು? ಬಾಗಿಲು ತೆರೆದಳು. ಅಜ್ಜಿಯ ಹಿಂದೆಯೇ ಕೋಲಿನ ಮುದುಕನೂ ಇಳಿದ. ಯಾರೂ ಏನೂ ಹೇಳದೆ ಅವನು ಬಸ್ಸಿನ ಹಿಂದೆ ದೂರ ಹೋಗಿ, ಅಡ್ಡರಸ್ತೆಯ ಆಚೆ ನಿಂತು, ಕೋಲನ್ನು ಅಡ್ಡ ಚಾಚಿ ಬರುವ ಕಾರುಗಳನ್ನು ತಡೆದ. ಅಜ್ಜಿ ಎಡಗಡೆಯ ಕನ್ನಡಿಯಲ್ಲಿ ಕಾಣುವ ಹಾಗೆ ನಿಂತು ಸೆರಗು ಸಿಕ್ಕಿಸಿದಳು.

ಡ್ರೈವರಮ್ಮ ಪಕ್ಕದ ಕಿಟಕಿ ಪೂರ್ತಿ ಸರಿಸಿದಳು. ಕನ್ನಡಿಯಲ್ಲಿ ಅಜ್ಜಿಯ ಕೈ ಆಡಿತು, ದನಿ ಬೀದಿಯುದ್ದಕ್ಕೂ ಕೇಳಿತು. "ಬರ್ಲಿ... ಬರ್ಲಿ... ಬಲಕ್ಕೆ ಹೊಡಿ, ಇನ್ನೂ ಸ್ವಲ್ಪ... ಬರ್ಲಿ... ಹೋಲ್ಡಾನ್!"

ಹೋಲ್ಡಾನ್ ಎಂದಾಗ ಬಸ್ಸಿಗೂ ಒಂದು ಬಿಳಿ ಕಾರಿನ ಕನ್ನಡಿಗೂ ನಡುವೆ ಅಂಗೈಯಗಲದ ಜಾಗವಿತ್ತು. ಡ್ರೈವರಮ್ಮ ಸ್ಟೀರಿಂಗು ನೆಟ್ಟಗೆ ಮಾಡಿದಳು. ಊರಿನ ಮಾರುಕಟ್ಟೆಯ ಹಿಂದಿನ ಗಲ್ಲಿಗಳಲ್ಲಿ, ತರಕಾರಿ ಗಾಡಿಗಳ ನಡುವೆ ಸಾವಿರ ಸಲ ಮಾಡಿದ್ದ ಕೆಲಸ ಇದು. ಇಲ್ಲಿಗೆ ಬಂದ ಮೇಲೆ ಮೊದಲ ಬಾರಿಗೆ ಅವಳ ಕೈಕಾಲುಗಳು ಅವಳನ್ನು ಏನೂ ಕೇಳದೆ ತಮ್ಮಷ್ಟಕ್ಕೆ ಓಡಿದವು. ಎಡ ಯಾವುದು, ಬಲ ಯಾವುದು ಎಂಬ ಗೊಂದಲವೇ ಬರಲಿಲ್ಲ. ಮತ್ತೆ ಬರ್ಲಿ, ಮತ್ತೆ ಹೋಲ್ಡಾನ್. ಕಿಟಕಿಗಳಿಂದ ಜನ ಇಣುಕಿ ನೋಡುತ್ತಿದ್ದರು. ಒಳಗೆ ಯಾರೋ ಅಜ್ಜಿಯ ಜೊತೆಗೇ ಬರ್ಲಿ ಎನ್ನತೊಡಗಿದರು, ಅರ್ಥ ತಿಳಿಯದಿದ್ದರೂ. ಬಸ್ಸಿನ ಮೂತಿ ಅಡ್ಡರಸ್ತೆಯಿಂದ ಹಿಂದಕ್ಕೆ ಬಂದಿತು. ಇನ್ನು ಬಲಕ್ಕೆ ತಿರುಗಿಸಿದರೆ ದಾರಿ ತೆರವು.

ಅಜ್ಜಿ ಬಸ್ಸಿನ ಮೈಗೆ ಎರಡು ಸಲ ಬಡಿದು ಕೂಗಿದಳು. "ರೈಟ್, ರೈಟ್."

ಡ್ರೈವರಮ್ಮನ ಕಾಲಿಗೆ ಅಷ್ಟೇ ಸಾಕಾಯಿತು. ಬಸ್ಸು ಸುಯ್ಯೆಂದು ಹೊರಟು ಅಡ್ಡರಸ್ತೆಗೆ ತಿರುಗಿಯೇಬಿಟ್ಟಿತು. ಒಳಗಿದ್ದವರೆಲ್ಲ ಒಟ್ಟಿಗೆ ಕೂಗಿದಾಗಲೇ ಅವಳಿಗೆ ಎಚ್ಚರವಾದದ್ದು. ಕನ್ನಡಿಯಲ್ಲಿ ನೋಡಿದರೆ ಅಜ್ಜಿಯೂ ಕೋಲಿನ ಮುದುಕನೂ ಬೀದಿಯ ಮಧ್ಯೆ ನಿಂತು ಕೈ ಬೀಸುತ್ತಿದ್ದಾರೆ.

ನಿಲ್ಲಿಸಿದಳು. ಏದುಸಿರು ಬಿಡುತ್ತಾ ಇಬ್ಬರೂ ಬಂದರು. ಅಜ್ಜಿ ಹತ್ತಿ, ಮತ್ತೆ ಪಾಸು ತೋರಿಸಿ, ಸೊಸೆಯನ್ನು ದುರುಗುಟ್ಟಿ ನೋಡಿದಳು. "ಕಟ್ಕೊಂಡ್ ಬಂದ ಅತ್ತೆನೇ ರಸ್ತೇಲಿ ಬಿಟ್ಟು ಹೋಗ್ತೀಯಲ್ಲೇ."

ಡ್ರೈವರಮ್ಮ ಸ್ಟೀರಿಂಗಿನ ಮೇಲೆ ತಲೆಯಿಟ್ಟು ನಕ್ಕಳು. ಮಾತು ತಿಳಿಯದ ಜನವೂ ನಕ್ಕರು. ಅತ್ತೆ ಸೊಸೆಯನ್ನು ಬೈಯುವ ದನಿ ಅವರಿಗೂ ಗುರುತು ಸಿಕ್ಕಿರಬೇಕು. ಹಿಂದಿನ ಸೀಟಿನಲ್ಲಿ ಚಪ್ಪಾಳೆ ಶುರುವಾಗಿ ಮುಂದಿನವರೆಗೆ ಬಂತು. ಇಪ್ಪತ್ತೆರಡು ನಿಮಿಷ ತಡವಾಗಿ ಬಸ್ಸು ಶಾಲೆಯ ಸ್ಟಾಪಿಗೆ ಬಂದಾಗ ಅಲ್ಲಿ ಪಟಾಕಿ ತನ್ನ ಮೂವರು ಗೆಳತಿಯರನ್ನು ಸಾಲಾಗಿ ನಿಲ್ಲಿಸಿಕೊಂಡು ಕಾಯುತ್ತಿದ್ದಳು. ನನ್ನಮ್ಮ ಇನ್ನೇನು ಬರುತ್ತಾಳೆ, ಇನ್ನೇನು ಬರುತ್ತಾಳೆ ಎಂದು ಹೇಳಿ ಹೇಳಿ ಅವಳ ಗಂಟಲು ಒಣಗಿತ್ತು.

ಸೋಮವಾರ ಕಂಬ ಅವಳನ್ನು ತನ್ನ ಕೋಣೆಗೆ ಕರೆಸಿಕೊಂಡ. ಮೇಜಿನ ಮೇಲೆ ಅದೇ ಹಲಗೆ, ಅದೇ ಪೆನ್ಸಿಲು. ಶನಿವಾರದ ಕ್ಯಾಮೆರಾ ಚಿತ್ರಗಳನ್ನು ನೋಡಿದ್ದೇನೆ ಎಂದ. ಕೋಟು ಹಾಕಿದ ಆ ಹೆಂಗಸು ಯಾರು ಎಂದು ಕೇಳಿದ. ಸುಳ್ಳು ಹೇಳಿ ಉಪಯೋಗವಿಲ್ಲವೆಂದು ನನ್ನ ಗಂಡನ ತಾಯಿ ಎಂದಳು. ಅವರು ಮೊದಲು ಈ ಕೆಲಸ ಮಾಡುತ್ತಿದ್ದರೇ ಎಂದು ಕೇಳಿದ. ಇಲ್ಲ, ಬಸ್ಸಿನಲ್ಲಿ ಓಡಾಡಿದ್ದಾರೆ ಅಷ್ಟೇ ಎಂದಳು. ಕಂಬ ಬಹಳ ಹೊತ್ತು ಪೆನ್ಸಿಲು ತಿರುಗಿಸಿದ. ಇಳಿದವರು ಹತ್ತಿದ ಮೇಲೆ ಹೊರಡಬೇಕು ಎಂದು ಬರೆದುಕೊಂಡಿದ್ದೇನೆ ಎಂದ. ಆಗ ಅವನ ತುಟಿಯ ಒಂದು ಮೂಲೆ ಮೇಲಕ್ಕೆ ಹೋಯಿತು. ಅದು ನಗು ಎಂದು ತಿಳಿಯಲು ಅವಳಿಗೆ ಸ್ವಲ್ಪ ಸಮಯ ಹಿಡಿಯಿತು.

ಆಮೇಲೆ ಅವನು ಇನ್ನೊಂದು ಕಾಗದ ತೆಗೆದ. ಅಷ್ಟು ಇಕ್ಕಟ್ಟಿನಲ್ಲಿ ಅಷ್ಟು ಸಲೀಸಾಗಿ ಹಿಂದಕ್ಕೆ ತೆಗೆಯುವವರನ್ನು ತಾನು ಹೆಚ್ಚು ನೋಡಿಲ್ಲ ಎಂದ. ಎರಡು ಬಸ್ಸು ಜೋಡಿಸಿದಂಥ ಉದ್ದದ ಬಸ್ಸಿನ ತರಬೇತಿ ಮುಂದಿನ ತಿಂಗಳು ಶುರುವಾಗುತ್ತದೆ, ಇಷ್ಟವಿದ್ದರೆ ಅವಳ ಹೆಸರು ಸೇರಿಸುತ್ತೇನೆ ಎಂದು ಹೇಳಲು ಹೊರಟ. ಅವನು ಮಾತು ಮುಗಿಸುವ ಮೊದಲೇ ಅವಳು ಹೂಂ ಎಂದಾಗಿತ್ತು. ಕನ್ನಡದಲ್ಲೇ.

ಮುಂದಿನ ಭಾನುವಾರ ನಾಲ್ವರೂ ಡಿಪೋದ ಹಿಂಭಾಗದ ತಂತಿಬೇಲಿಯ ಹತ್ತಿರ ನಿಂತಿದ್ದರು. ಒಳಗೆ, ಹುಲ್ಲಿನ ಪಟ್ಟಿಯ ಆಚೆ, ಆ ಉದ್ದನೆಯ ಬಸ್ಸು ಬಿಸಿಲಲ್ಲಿ ಹೊಳೆಯುತ್ತಿತ್ತು. ಅಜ್ಜಿ ಬಾಗಿಲುಗಳನ್ನು ಎಣಿಸಿ ನಾಲ್ಕು ಎಂದಳು, ನಂಬಿಕೆ ಬಾರದೆ ಮತ್ತೆ ಎಣಿಸಿದಳು. ಟೈಲರಿನ ಕಣ್ಣು ಬಸ್ಸಿನ ನಡುವೆ, ಎರಡು ಭಾಗ ಸೇರುವಲ್ಲಿ ಇರುವ ಕಪ್ಪು ನೆರಿಗೆಗಳ ಮೇಲಿತ್ತು. ಇಷ್ಟು ದಪ್ಪ ಬಟ್ಟೆಗೆ ಇಷ್ಟು ಒಪ್ಪವಾಗಿ ನೆರಿಗೆ ಹಿಡಿದವರು ಯಾರು, ಯಾವ ಸೂಜಿಯಲ್ಲಿ ಹೊಲಿದರು ಎಂದು ಅವನು ಬೇಲಿಗೆ ಮೂಗು ತಾಗಿಸಿ ಲೆಕ್ಕ ಹಾಕುತ್ತಿದ್ದ. ಪಟಾಕಿ ಬೇಲಿಯುದ್ದಕ್ಕೂ ಬಸ್ಸಿನ ಮೂತಿಯಿಂದ ಬಾಲದವರೆಗೆ ಹೆಜ್ಜೆ ಅಳೆದು ಓಡಿ ಬಂದಳು.

"ಅಮ್ಮ, ನೀನು ಮುಂದೆ ತಿರುಗಿಸಿದ್ರೆ ಹಿಂದಿನ ಅರ್ಧ ಎಲ್ಲಿಗೆ ಹೋಗತ್ತೆ?"

ಡ್ರೈವರಮ್ಮ ಎರಡೂ ಕೈಯಲ್ಲಿ ತಂತಿ ಹಿಡಿದುಕೊಂಡು ಆ ಬಸ್ಸನ್ನೇ ನೋಡುತ್ತಿದ್ದಳು.

"ಗೊತ್ತಿಲ್ಲ ಕಣೇ," ಎಂದಳು. "ಅದನ್ನೇ ನೋಡ್ಬೇಕು."